ಬಹುಮಾನ ನೌಕರನಿಗೆ, ನೆರಳು ಕಾರಿಗೆ

ನಗರಗಳ ಕಚೇರಿಗಳಲ್ಲಿ ಒಂದು ಹೊಸ ಆಚರಣೆ ರೂಢಿಗೆ ಬಂದಿದೆ. ಒಂದು ವಾರವೋ ಒಂದು ತಿಂಗಳೋ ನೌಕರರು ಸ್ವಂತ ಕಾರನ್ನು ಮನೆಯಲ್ಲಿಯೇ ಬಿಟ್ಟು ಬಸ್ಸು, ಮೆಟ್ರೋ, ಸೈಕಲ್ಲು ಇಲ್ಲವೆ ಕಾಲ್ನಡಿಗೆಯಿಂದ ಬರಬೇಕು. ಹಾಗೆ ಬಂದ ದಿನಗಳಿಗೆ ಅಂಕಗಳು. ಹೆಚ್ಚು ಅಂಕ ಗಳಿಸಿದ ವಿಭಾಗಕ್ಕೆ ಬಹುಮಾನ. ಉದ್ದೇಶ ಒಳ್ಳೆಯದೇ. ಆದರೆ ಸ್ಪರ್ಧೆ ಮುಗಿದ ಮರುದಿನ ಅದೇ ಕಟ್ಟಡದ ನೆಲಮಾಳಿಗೆಯಲ್ಲಿ ಅದೇ ಕಾರುಗಳಿಗೆ ಬಾಡಿಗೆಯಿಲ್ಲದ ಜಾಗ ಕಾದಿರುತ್ತದೆ. ಒಂದು ವಾರ ಸಂಯಮಕ್ಕೆ ಬಹುಮಾನವಿತ್ತು ವರ್ಷವಿಡೀ ಅದರ ವಿರುದ್ಧವಾದುದನ್ನು ಪೋಷಿಸುವ ಯಜಮಾನನಿಗೆ ಬೋಧಿಸುವ ಅರ್ಹತೆ ಎಲ್ಲಿಂದ ಬಂದಿತು?

ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆಯು 2010ರ ಫೆಬ್ರುವರಿ 4ರಂದು 'ಬಸ್ ದಿನ'ವನ್ನು ಆರಂಭಿಸಿ, ಪ್ರತಿ ತಿಂಗಳ 4ರಂದು ಜನರು ಸ್ವಂತ ವಾಹನ ಬಿಟ್ಟು ಬಸ್ಸೇರಬೇಕೆಂದು ಕೋರಿತು. ಬಸ್ಸಿನ ಸಂಸ್ಥೆ ಅದಕ್ಕಿಂತ ಹೆಚ್ಚೇನು ಕೇಳೀತು? ಉಳಿದ ದಿನಗಳ ಹೊಣೆ ಕೆಲಸ ಕೊಟ್ಟವರದು. ಉಪವಾಸವನ್ನು ಬಲ್ಲ ಸಮಾಜಕ್ಕೆ ಒಂದು ದಿನದ ವ್ರತದ ಬೆಲೆ ಗೊತ್ತು. ಪಾರಣೆಯಂದು ಎರಡು ಪಾಲು ಉಂಡವನ ಉಪವಾಸದ ಬೆಲೆಯೂ ಗೊತ್ತು.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು 1992ರಲ್ಲಿ ಬೇರೆ ದಾರಿ ಹಿಡಿಯಿತು. ಗಾಳಿ ಕೆಟ್ಟಿರುವ ಪ್ರದೇಶಗಳಲ್ಲಿ 50 ಅಥವಾ ಹೆಚ್ಚು ನೌಕರರುಳ್ಳ ಸಂಸ್ಥೆಯು ಬಾಡಿಗೆಗೆ ಪಡೆದ ಜಾಗದಲ್ಲಿ ನೌಕರನ ಕಾರನ್ನು ಪುಕ್ಕಟೆಯಾಗಿ ನಿಲ್ಲಿಸಗೊಟ್ಟರೆ, ಆ ಜಾಗ ಬೇಡವೆಂದ ನೌಕರನಿಗೆ ಅದರ ಬಾಡಿಗೆಯಷ್ಟು ಹಣವನ್ನು ನಗದಾಗಿ ಕೊಡಬೇಕೆಂಬುದು ಆ ಕಾನೂನಿನ ಸಾರ. ಪ್ರಾಧ್ಯಾಪಕ ಡೊನಾಲ್ಡ್ ಶೂಪ್ ಅವರು ಇದನ್ನು ಪಾಲಿಸಿದ 8 ಸಂಸ್ಥೆಗಳನ್ನು ಪರಿಶೀಲಿಸಿ 1997ರಲ್ಲಿ ವರದಿ ಪ್ರಕಟಿಸಿದರು. ಒಬ್ಬೊಬ್ಬರೇ ಕಾರಿನಲ್ಲಿ ಬರುತ್ತಿದ್ದವರು ನೂರಕ್ಕೆ 76 ಇದ್ದುದು 63ಕ್ಕೆ ಇಳಿದಿತ್ತು. ಕಾರು ತರುವವನಿಂದ ಏನನ್ನೂ ಕಿತ್ತುಕೊಂಡಿರಲಿಲ್ಲ. ತಾರದವನಿಗೆ ಸಲ್ಲಬೇಕಾದುದು ಸಂದಿತ್ತು, ಅಷ್ಟೆ. ಇಲ್ಲಿಯ ಕಚೇರಿಗಳಲ್ಲಿ ಬಸ್ಸಿನಲ್ಲಿ ನಿಂತು ಬಂದ ಗುಮಾಸ್ತನಿಗೆ ಸಲ್ಲುವುದೇನು? ಹತ್ತು ನಿಮಿಷ ತಡವಾದರೆ ಹಾಜರಿ ಪುಸ್ತಕದಲ್ಲಿ ಕೆಂಪು ಗುರುತು.

ಈ ನ್ಯಾಯ ಶ್ರಾವಕರಿಗೆ ಹೊಸದೇನಲ್ಲ. ತಾನು ಮಾಡಿದ್ದು, ಪರರಿಂದ ಮಾಡಿಸಿದ್ದು, ಮಾಡಿದವನನ್ನು ಒಪ್ಪಿದ್ದು, ಈ ಮೂರರಿಂದಲೂ ಆಸ್ರವವುಂಟೆಂದು ತತ್ತ್ವಾರ್ಥಸೂತ್ರವು ಕೃತ, ಕಾರಿತ, ಅನುಮತಗಳನ್ನು ಒಟ್ಟಿಗೇ ಎಣಿಸುತ್ತದೆ. ಓಡಾಟಕ್ಕೆ ಎಲ್ಲೆ ಹಾಕಿಕೊಳ್ಳುವ ದೇಶವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ 'ಪ್ರೇಷ್ಯಪ್ರಯೋಗ'ವೂ ಒಂದು: ತಾನು ಎಲ್ಲೆಯೊಳಗೆ ಕುಳಿತು, ಆಳನ್ನು ಎಲ್ಲೆಯಾಚೆಗೆ ಕಳುಹಿಸಿ ಕೆಲಸ ಸಾಧಿಸುವುದು. ಸೂತ್ರಕಾರರು ಕಾರನ್ನು ಕಂಡವರಲ್ಲ; ಯಜಮಾನರನ್ನು ಮಾತ್ರ ಚೆನ್ನಾಗಿ ಕಂಡಿದ್ದರು. ನೌಕರರಿಗೆ ಸ್ಪರ್ಧೆಯನ್ನು ಸಾರಿ, ಹತ್ತು ನಿಮಿಷದ ಮಾತಿಗಾಗಿ ಅವರನ್ನು ನಗರದ ಈ ತುದಿಯಿಂದ ಆ ತುದಿಗೆ ಕರೆಸಿಕೊಳ್ಳುವವರು ಈ ಅತಿಚಾರವನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಬಸ್ಸಿಲ್ಲದ ಬಡಾವಣೆಗಳಿವೆ, ರಾತ್ರಿ ಪಾಳಿಯ ಹೆಣ್ಣುಮಕ್ಕಳಿದ್ದಾರೆ, ನಡೆಯಲಾರದವರಿದ್ದಾರೆ ಎಂಬ ಆಕ್ಷೇಪ ನಿಜವಾದುದು. ಅವರಿಗೆ ಸಂಸ್ಥೆಯೇ ವಾಹನ ಕಳುಹಿಸಲಿ. ಅವರ ಹೆಸರು ಹೇಳಿ ವ್ಯವಸ್ಥಾಪಕರ ಕಾರಿಗೆ ಬಾಗಿಲ ಬಳಿಯ ನೆರಳನ್ನು ಕಾದಿರಿಸುವುದು ಬೇಡ.

ಬಸದಿಯ ಟ್ರಸ್ಟುಗಳೂ ಯಜಮಾನರೇ. ಅವು ನಡೆಸುವ ಶಾಲೆಗಳಲ್ಲಿಯೂ ವಿದ್ಯಾರ್ಥಿನಿಲಯಗಳಲ್ಲಿಯೂ ಸಂಬಳಕ್ಕೆ ದುಡಿಯುವವರಿದ್ದಾರೆ. ಎಂದೂ ವಾಹನವೇರದ ಮುನಿಗಳ ದರ್ಶನಕ್ಕೆ ಚಾತುರ್ಮಾಸದಲ್ಲಿ ಕಾರುಗಳು ಸಾಲುಗಟ್ಟುವ ನೋಟವಂತೂ ಎಲ್ಲರಿಗೂ ಪರಿಚಿತ. ಅದು ಬೇರೆಯೇ ಲೇಖನದ ವಿಷಯ. ಸದ್ಯಕ್ಕೆ, ಮುಂದಿನ ವಾರ್ಷಿಕ ಸಭೆಗೆ ಲೆಕ್ಕಪತ್ರ ಸಿದ್ಧಪಡಿಸುವಾಗ ಕಾರ್ಯದರ್ಶಿಗಳು ಜಾಗದ ಬಾಡಿಗೆ, ಕಾವಲುಗಾರನ ಸಂಬಳ, ಪೆಟ್ರೋಲು ಭತ್ಯೆ ಇವನ್ನೆಲ್ಲ ಒಂದೇ ಬಾಬಿನಡಿ ಬರೆದು ಸಭೆಗೆ ಓದಿ ಹೇಳಲಿ. ಬಸ್ಸಿನಲ್ಲಿ ಬರುವ ಶಿಕ್ಷಕಿಗೂ ಸೈಕಲ್ಲಿನಲ್ಲಿ ಬರುವ ಜವಾನನಿಗೂ ಅದಕ್ಕೆ ಪ್ರತಿಯಾಗಿ ಎಷ್ಟು ಸಂದಿದೆಯೆಂದು ಸದಸ್ಯರಲ್ಲಿ ಒಬ್ಬರಾದರೂ ಎದ್ದು ನಿಂತು ಕೇಳಲಿ.