ಹೊಸ ಸಂಸಾರದ ಋಣವೂ ಮನೆಯ ಲೆಕ್ಕಪುಸ್ತಕವೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ಹುಟ್ಟಿದ ಕಾಲದಲ್ಲಿ ಮದುವೆಯ ಸಾಲವನ್ನು ಹೊರುತ್ತಿದ್ದವನು ಹೆಚ್ಚಾಗಿ ಹೆಣ್ಣಿನ ತಂದೆ; ಅವನ ಹೊಲವೋ ತೋಟವೋ ಅದಕ್ಕೆ ಒತ್ತೆಯಾಗುತ್ತಿತ್ತು, ಅವನ ಗಂಡುಮಕ್ಕಳು ಅದನ್ನು ತೀರಿಸುತ್ತಿದ್ದರು. ತಿಂಗಳ ಸಂಬಳಕ್ಕೆ ದುಡಿಯುವ ತರುಣ ತರುಣಿಯರು ತಮ್ಮ ಮದುವೆಯ ವೆಚ್ಚದಲ್ಲಿ ಒಂದು ಪಾಲನ್ನು ತಾವೇ ಹೊರುವುದು ಈಗ ಅಪರೂಪವಾಗಿ ಉಳಿದಿಲ್ಲವಾದುದರಿಂದ, ಛತ್ರದ ಬಾಡಿಗೆ, ಅಡುಗೆಯವರ ಬಾಬ್ತು, ಫೋಟೋದವನ ಬಾಕಿ, ಹೊಸ ಮನೆಯ ಮುಂಗಡ, ಮಂಚ, ಬೀರು, ಫ್ರಿಜ್ಜು ಇವೆಲ್ಲವೂ ಕಂತಿನ ರೂಪವನ್ನು ತಾಳಿ, ನೂತನ ದಂಪತಿಗಳು ಹೊಸ್ತಿಲು ದಾಟುವ ಮೊದಲೇ ಮನೆಯೊಳಗೆ ಬಂದು ಕುಳಿತಿರುತ್ತವೆ. ಇಂಥವರಿಗೆ ಹಿರಿಯರು ಕೊಡುವ ಉಪದೇಶವಾದರೋ ಒಂದೇ: ಹೋಟೆಲಿನ ಕಾಫಿ ಬಿಡಿ, ಸಿನಿಮಾ ಬಿಡಿ, ಹಾಸಿಗೆ ಇದ್ದಷ್ಟು ಕಾಲು ಚಾಚಿ. ಉಪದೇಶದಲ್ಲಿ ಸುಳ್ಳೇನೂ ಇಲ್ಲವೆಂದು ಒಪ್ಪಿಕೊಂಡರೂ, ಅದು ರೋಗವನ್ನು ಬಿಟ್ಟು ರೋಗಿಯನ್ನು ಬೈಯುವ ಕ್ರಮವೆಂದು ಹೇಳದೆ ವಿಧಿಯಿಲ್ಲ.

ಉದಾಹರಣೆಗಾಗಿ ತುಮಕೂರಿನಲ್ಲಿ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳೋಣ. ಗಂಡ ವಸಂತನರಸಾಪುರದ ಕಾರ್ಖಾನೆಯೊಂದರ ಕಚೇರಿಯಲ್ಲಿ ಗುಮಾಸ್ತ, ಹೆಂಡತಿ ಖಾಸಗಿ ಶಾಲೆಯಲ್ಲಿ ಅಧ್ಯಾಪಕಿ; ಅವನಿಗೆ 36,000, ಅವಳಿಗೆ 26,000, ಕೂಡಿ ತಿಂಗಳಿಗೆ 62,000 ರೂಪಾಯಿ ಕೈಗೆ ಬರುತ್ತದೆನ್ನಿ. ಸಾಲಗಳು ನಾಲ್ಕು: ಕ್ರೆಡಿಟ್ ಕಾರ್ಡಿನಲ್ಲಿ 80,000, ಪರಿಚಿತರಲ್ಲಿ ಎರಡು ರೂಪಾಯಿ ಬಡ್ಡಿಗೆ ತಂದ ಕೈಸಾಲ 1,50,000, ಹೆಂಡತಿಯ ಒಡವೆಗಳನ್ನು ಅಡವಿಟ್ಟು ವರ್ಷಕ್ಕೆ ನೂರಕ್ಕೆ ಹನ್ನೆರಡರಂತೆ ಎತ್ತಿದ್ದು 2,00,000, ಬ್ಯಾಂಕಿನಿಂದ ನಾಲ್ಕು ವರ್ಷದ ಅವಧಿಗೆ ಶೇಕಡ 14ರ ಬಡ್ಡಿಯಲ್ಲಿ ಪಡೆದ ವೈಯಕ್ತಿಕ ಸಾಲ 4,00,000. ಒಟ್ಟು ಎಂಟು ಲಕ್ಷದ ಮೂವತ್ತು ಸಾವಿರ. ಬಾಡಿಗೆ 11,000, ದಿನಸಿ ಹಾಲು ತರಕಾರಿ ಗ್ಯಾಸಿಗೆ 11,000, ಓಡಾಟಕ್ಕೆ 4,000, ಕರೆಂಟು ಫೋನು ಮುಂತಾದ ಸಣ್ಣಪುಟ್ಟಕ್ಕೆ 2,000, ಎರಡೂ ಕಡೆಯ ಹಿರಿಯರಿಗೆ 5,000. ಬಡ್ಡಿ ಮತ್ತು ಕಂತುಗಳಿಗೆ 19,200ರಷ್ಟು. ಈ ಬಾಬ್ತುಗಳನ್ನು ಕೂಡಿ ಕಳೆದರೆ 9,800 ರೂಪಾಯಿ ಉಳಿಯಬೇಕು. ಆದರೆ ಲೆಕ್ಕವಿಡದ ಮನೆಯಲ್ಲಿ ಅದು ಉಳಿಯುವುದಿಲ್ಲ. ಎಲ್ಲಿ ಹೋಯಿತೆಂದು ಗಂಡನನ್ನು ಕೇಳಿದರೆ ಹೆಂಡತಿಯತ್ತ ನೋಡುತ್ತಾನೆ, ಹೆಂಡತಿಯನ್ನು ಕೇಳಿದರೆ ಅವಳು ಅವನ ಫೋನಿನತ್ತ ನೋಡುತ್ತಾಳೆ.

ಈ 9,800ನ್ನು ಯಾವ ಸಾಲಕ್ಕೆ ಮೊದಲು ಸಲ್ಲಿಸತಕ್ಕದ್ದೆಂಬ ಪ್ರಶ್ನೆಯೇ ಮಿತವ್ಯಯಕ್ಕಿಂತ ಮುಖ್ಯವಾದದ್ದು. ನಮ್ಮ ಹಳ್ಳಿಗಳಲ್ಲಿ ಬಡ್ಡಿಯನ್ನು ಅಳೆಯಲು ಬಹುಕಾಲದಿಂದ ಬಳಕೆಯಲ್ಲಿರುವ ಮಾನವೊಂದುಂಟು: ನೂರು ರೂಪಾಯಿಗೆ ತಿಂಗಳಿಗೆ ಎಷ್ಟು ರೂಪಾಯಿ ಎಂಬುದು. ಎರಡು ರೂಪಾಯಿ ಬಡ್ಡಿ ಎಂದರೆ ಸಾಧಾರಣ, ಮೂರು ರೂಪಾಯಿ ಎಂದರೆ ದುಬಾರಿ, ಐದು ರೂಪಾಯಿ ಎಂದರೆ ಕತ್ತು ಕುಯ್ಯುವವನು ಎಂದು ಅಕ್ಷರ ತಿಳಿಯದ ಮುದುಕಿಯೂ ಹೇಳಬಲ್ಲಳು. ಅದೇ ಮಾನದಿಂದ ಅಳೆದು ನೋಡಿದರೆ ಹೊಳಪು ಕಾಗದದಲ್ಲಿ ಸುತ್ತಿ ಬರುವ ಕ್ರೆಡಿಟ್ ಕಾರ್ಡು ಸಾಮಾನ್ಯವಾಗಿ ಮೂರೂವರೆ ರೂಪಾಯಿ ಬಡ್ಡಿಯ ಸಾಹುಕಾರ. ಬಡ್ಡಿಯ ಮೇಲೆ ಶೇಕಡ 18ರ ಜಿಎಸ್‌ಟಿ ಸೇರಿದರೆ ನಾಲ್ಕು ರೂಪಾಯಿಯನ್ನೂ ಮೀರುತ್ತದೆ. 80,000ದ ಬಾಕಿಗೆ ಕನಿಷ್ಠ ಪಾವತಿಯೆಂದು 4,000 ಕಟ್ಟಿ ನಿಟ್ಟುಸಿರುಬಿಟ್ಟವನಿಗೆ, ಅದರಲ್ಲಿ 2,800 ಬಡ್ಡಿಗೂ 504 ತೆರಿಗೆಗೂ ಹೋಗಿ ಅಸಲಿಗೆ ಸಂದದ್ದು ಕೇವಲ 696 ರೂಪಾಯಿ ಎಂಬುದು ಗೊತ್ತೇ ಆಗುವುದಿಲ್ಲ. ಸಾಲದ್ದಕ್ಕೆ, ಬಾಕಿ ಉಳಿದಿರುವ ಕಾರ್ಡಿನಲ್ಲಿ ಹೊಸದಾಗಿ ಕೊಂಡ ಸಾಮಾನಿಗೂ ಕೊಂಡ ದಿನದಿಂದಲೇ ಬಡ್ಡಿ ಹತ್ತುತ್ತದೆ. ಕಾರ್ಡಿನ ಬಡ್ಡಿ ವರ್ಷಕ್ಕೆ ಶೇಕಡ 30ನ್ನು ಮೀರಕೂಡದೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಕೊಟ್ಟಿದ್ದ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯ 2024ರ ಡಿಸೆಂಬರಿನಲ್ಲಿ ತಳ್ಳಿಹಾಕಿರುವುದರಿಂದ, ಆ ದಿಕ್ಕಿನಿಂದ ಸಹಾಯ ಬರುವುದೆಂಬ ನಿರೀಕ್ಷೆಯೂ ಸದ್ಯಕ್ಕಿಲ್ಲ.

ಆದುದರಿಂದ ಕಾರ್ಡನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಅದರ ಬಡ್ಡಿ ತೆರಿಗೆಗಳ ಜೊತೆಗೆ ಉಳಿತಾಯದ 9,800ರಲ್ಲಿ 9,500ನ್ನೂ ಸೇರಿಸಿ ತಿಂಗಳಿಗೆ 12,800ರಂತೆ ಕಟ್ಟುತ್ತ ಹೋದರೆ ಎಂಟನೆಯ ತಿಂಗಳಲ್ಲಿ ಅದು ತೀರುತ್ತದೆ. ಅನಂತರ ಅದೇ ಮೊತ್ತಕ್ಕೆ ಕೈಸಾಲದ ಬಡ್ಡಿಯಾದ 3,000 ಸೇರಿ 15,800 ಆಗುವುದರಿಂದ, ಕೊಟ್ಟವರು ಅಸಲನ್ನು ಕಂತುಕಂತಾಗಿ ಪಡೆಯಲು ಒಪ್ಪಿದರೆ ಸುಮಾರು ಹನ್ನೊಂದು ತಿಂಗಳಲ್ಲಿ ಅದೂ ಹೋಗುತ್ತದೆ. ಆಮೇಲೆ 17,800ರಂತೆ ಹನ್ನೆರಡು ತಿಂಗಳು ಕಟ್ಟಿದರೆ ಒಡವೆ ಮನೆಗೆ ಬರುತ್ತದೆ. ಒಂದು ಸಾಲ ತೀರಿದ ತಿಂಗಳಲ್ಲಿ ಮಿಕ್ಕದ್ದು ಮುಂದಿನದಕ್ಕೆ ಸೇರುವುದರಿಂದ, ಮೊದಲಿನಿಂದ ಲೆಕ್ಕ ಹಾಕಿದರೆ ಮೂವತ್ತು ತಿಂಗಳು. ಆಗ ಬ್ಯಾಂಕಿನ ಕಂತುಗಳು ಮಾತ್ರ ಇನ್ನು ಹದಿನೆಂಟು ಉಳಿದಿರುತ್ತವೆ. ಈ ಲೆಕ್ಕದಲ್ಲಿ ಪವಾಡವೇನೂ ಇಲ್ಲ. ಕಷ್ಟವಿರುವುದು, ಒಂದು ಸಾಲ ತೀರಿದ ತಿಂಗಳಿನಲ್ಲಿ ಬಿಡುಗಡೆಯಾದ ಹಣವನ್ನು ಮುಂದಿನ ಸಾಲಕ್ಕೆ ಹಾಕದೆ ಗೋವಾಕ್ಕೆ ಹೋಗಿಬರೋಣವೆಂದು ಮನಸ್ಸು ಹೇಳತೊಡಗಿದಾಗ.

ನಮ್ಮ ಅನೇಕ ಮನೆಗಳಲ್ಲಿ ಲೆಕ್ಕ ಬರೆಯುವ ಅಭ್ಯಾಸವೇನೋ ಇದೆ. ಆದರೆ ಅದು ಆಗಿಹೋದ ಖರ್ಚಿನ ಮರಣದಾಖಲೆ. ಆಯವ್ಯಯವೆಂಬುದು ಖರ್ಚಿಗಿಂತ ಮುಂಚೆ, ಸಂಬಳ ಬಂದ ಸಂಜೆಯೇ, ಇಬ್ಬರೂ ಎದುರುಬದುರು ಕುಳಿತು ಬರೆಯಬೇಕಾದದ್ದು. ಹಿಂದಿನ ಗೃಹಿಣಿಯರು ಬಾಡಿಗೆಯ ಹಣವನ್ನು ದೇವರ ಪಟದ ಹಿಂದೆಯೂ ಹಾಲಿನ ಹಣವನ್ನು ಸಾಸಿವೆ ಡಬ್ಬಿಯಲ್ಲಿಯೂ ಇಡುತ್ತಿದ್ದುದರಲ್ಲಿ ಈ ಮುನ್ನಿರ್ಣಯದ ತತ್ತ್ವವೇ ಅಡಗಿತ್ತು: ಡಬ್ಬಿ ಬರಿದಾದರೆ ಕೈ ತಾನಾಗಿ ನಿಲ್ಲುತ್ತಿತ್ತು. 2016ರಲ್ಲಿ ಆರಂಭವಾದ ಯುಪಿಐ ನಮಗೆ ಮಾಡಿರುವ ಉಪಕಾರ ಸಣ್ಣದಲ್ಲ. ಆದರೂ ಬಾಡಿಗೆ, ಬೋಂಡ, ಬಂಗಾರ ಎಲ್ಲಕ್ಕೂ ಒಂದೇ ಖಾತೆಯಿಂದ ಒಂದೇ ಬಗೆಯಲ್ಲಿ ಹಣ ಜಾರಿಹೋಗುವಂತಾದ ಮೇಲೆ ಆ ತಡೆ ಹೋಗಿಬಿಟ್ಟಿತು. ಖರ್ಚಿಗೆಂದೇ ಎರಡನೆಯ ಖಾತೆಯೊಂದನ್ನು ತೆರೆದು, ತಿಂಗಳಿಗೆ ಇಷ್ಟೆಂದು ಅದಕ್ಕೆ ಹಾಕಿ, ಫೋನಿಗೆ ಅದನ್ನು ಮಾತ್ರ ಜೋಡಿಸಿಕೊಳ್ಳುವುದು ಡಬ್ಬಿಯ ಪದ್ಧತಿಯ ಹೊಸ ಅವತಾರವೆನ್ನಬಹುದು.

ಇಬ್ಬರೂ ಕುಳಿತು ಎಂದೆ. ಆ ಮಾತು ಹೇಳಿದಷ್ಟು ಸುಲಭವಲ್ಲ. ಗಂಡ ಗೆಳೆಯನೊಬ್ಬನ ಸಾಲಕ್ಕೆ ಜಾಮೀನು ನಿಂತಿರುತ್ತಾನೆ, ಹೆಂಡತಿ ತವರಿನ ತಮ್ಮನಿಗಾಗಿ ನೆರೆಮನೆಯಾಕೆಯ ಹತ್ತಿರ ಚೀಟಿ ಕಟ್ಟುತ್ತಿರುತ್ತಾಳೆ. ಇವೆರಡೂ ಪುಸ್ತಕಕ್ಕೆ ಬಾರದಿದ್ದಲ್ಲಿ ಮೇಲಿನ ಮೂವತ್ತು ತಿಂಗಳ ಗಣಿತ ಮೂರನೆಯ ತಿಂಗಳಿಗೇ ಮುರಿದುಬೀಳುತ್ತದೆ. ಮೊದಲ ದಿನ ಎಲ್ಲವನ್ನೂ ಒಪ್ಪಿಸಿಬಿಡುವ ಧೈರ್ಯ, ಒಪ್ಪಿಸಿದವರನ್ನು ಹಂಗಿಸದಿರುವ ಸಂಯಮ, ಇವು ಯಾವ ಬ್ಯಾಂಕೂ ಕೊಡಲಾರದ ಬಂಡವಾಳ.

ಇಷ್ಟೆಲ್ಲ ಮಾಡಿದರೂ ಪುಸ್ತಕವನ್ನು ಹರಿದುಹಾಕುವ ಶಕ್ತಿ ಹೋಟೆಲಿನ ಕಾಫಿಗಿಲ್ಲ, ಬಂಧುಬಳಗದ ಮರ್ಯಾದೆಗಿದೆ. ತಿಂಗಳಿಡೀ ಬೇಳೆಯನ್ನು ಅಳೆದು ಹಾಕಿ ಉಳಿಸಿದ ಎರಡು ಸಾವಿರವನ್ನು ಒಂದು ಗೃಹಪ್ರವೇಶದ ಮುಯ್ಯಿ ನುಂಗುತ್ತದೆ. ಒಂದು ಸೀಮಂತ, ಒಂದು ನಾಮಕರಣ, ನಾದಿನಿಯ ಮದುವೆಯ ಸೀರೆಗಳು ಸೇರಿದರೆ ಅರ್ಧ ವರ್ಷದ ಉಳಿತಾಯ ಹೋಗುತ್ತದೆ. ಗಂಡನಿಗೆ ವರ್ಷಕ್ಕೊಮ್ಮೆ ಬರುವ ಬೋನಸ್ಸನ್ನು ಆಸ್ಪತ್ರೆಗೆಂದು ಮೀಸಲಿಡುವ ದಂಪತಿ ವಿವೇಕಿಗಳು. ಆದರೆ ಅದರ ಮೇಲೆಯೂ ಮೊದಲು ಕಣ್ಣಿಡುವುದು ಚಿಕ್ಕಪ್ಪನ ಮಗನ ನಿಶ್ಚಿತಾರ್ಥವೇ. ಕಾಫಿ ಬಿಡಿರೆಂದು ಹೇಳುವ ಹಿರಿಯರು, ನಿಮ್ಮ ಸಾಲ ತೀರುವ ತನಕ ನಮ್ಮ ಮನೆಯ ಕಾರ್ಯಕ್ಕೆ ಬರಿಗೈಯಲ್ಲಿ ಬನ್ನಿರೆಂದು ಹೇಳಿದ್ದನ್ನು ನಾನಂತೂ ಕೇಳಿಲ್ಲ. ನಮ್ಮ ನಾಡಿಗೆ ಬೇರೆ ದಾರಿ ತಿಳಿಯದೆಯೂ ಇಲ್ಲ. ಕುವೆಂಪು ಅವರು ಮಂತ್ರ ಮಾಂಗಲ್ಯವೆಂಬ ಸರಳ ವಿವಾಹವಿಧಿಯನ್ನು ರೂಪಿಸಿ 1966ರಲ್ಲಿ ತಮ್ಮ ಮಗ ತೇಜಸ್ವಿಯವರ ವಿವಾಹವನ್ನೇ ಆ ರೀತಿ ನೆರವೇರಿಸಿದರು. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹಗಳು ನಡೆದುಬಂದಿವೆ. ಮೊದಲನೆಯದನ್ನು ಸಾಹಿತಿಗಳ ಮನೆಯ ವಿಶೇಷವೆಂದೂ ಎರಡನೆಯದನ್ನು ಬಡವರಿಗೆ ತಕ್ಕದ್ದೆಂದೂ ವಿಂಗಡಿಸಿ, ನಡುವಣ ವರ್ಗ ತನಗಾಗಿ ಛತ್ರವನ್ನು ಉಳಿಸಿಕೊಂಡಿತು.

ಇಲ್ಲಿಯವರೆಗೆ ಹೇಳಿದ್ದು ಖರ್ಚು ಕಳೆದು ಏನಾದರೂ ಮಿಗುವ ಮನೆಗಳ ಮಾತು. ಕಿರುಹಣಕಾಸು ಸಂಸ್ಥೆಗಳ ಮೂರು ನಾಲ್ಕು ಗುಂಪುಗಳಲ್ಲಿ ಸಾಲ ಎತ್ತಿ, ವಾರವಾರದ ವಸೂಲಿಗೆ ಸಿಕ್ಕಿಬಿದ್ದ ಕೂಲಿಕಾರರ ಮನೆಯಲ್ಲಿ ಆಯವ್ಯಯ ಬರೆದರೆ ಕೊನೆಯ ಸಾಲಿನಲ್ಲಿ ಋಣಚಿಹ್ನೆಯೇ ಬರುವುದು. ಅವರಿಗೆ ಮಿತವ್ಯಯವನ್ನು ಬೋಧಿಸುವುದು ಅಪಹಾಸ್ಯ. ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯ ಮೂಲಕ ಬಲವಂತದ ವಸೂಲಿಗೆ ಹತ್ತು ವರ್ಷದವರೆಗಿನ ಸೆರೆವಾಸವನ್ನು ವಿಧಿಸಿದ್ದು ಇಂಥವರ ರಕ್ಷಣೆಗಾಗಿ. ಸಂಬಳದಾರರಿಗೆ ಹೆಚ್ಚು ಉಪಯುಕ್ತವಾದದ್ದು ರಿಸರ್ವ್ ಬ್ಯಾಂಕಿನ ಒಂದು ನಿಯಮ: 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಹೊಸ ಚಿಲ್ಲರೆ ಅವಧಿಸಾಲಗಳಿಗೆ ವಾರ್ಷಿಕ ಬಡ್ಡಿ, ಶುಲ್ಕ, ಕಂತುಗಳೆಲ್ಲವನ್ನೂ ಒಳಗೊಂಡ ಮುಖ್ಯಾಂಶಗಳ ಪತ್ರವನ್ನು, ಅದೂ ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ, ಮುಂಚಿತವಾಗಿ ಕೊಡತಕ್ಕದ್ದೆಂಬುದು. ಕನ್ನಡದಲ್ಲಿ ಕೊಡಿರೆಂದು ಕೌಂಟರಿನ ಮುಂದೆ ನಿಂತು ಕೇಳುವವರು ಎಷ್ಟು ಮಂದಿ?

ಮೇಲಿನ ಗಣಿತದಲ್ಲಿ ಒಂದಂಶ ನನ್ನನ್ನು ಬಾಧಿಸುತ್ತಲೇ ಇದೆ. ಬಡ್ಡಿ ಕಡಿಮೆಯೆಂಬ ಕಾರಣಕ್ಕೆ ಒಡವೆಯ ಸಾಲವನ್ನು ಕೊನೆಗೆ ತಳ್ಳಿದೆವಷ್ಟೆ. ಆದರೆ ಆ ಒಡವೆ ಸಂಸಾರದ ಸೊತ್ತಲ್ಲ, ಸ್ತ್ರೀಧನ. ಅದು ಹೆಂಡತಿಯ ಸ್ವಂತ ಆಸ್ತಿಯೆಂದು ಸರ್ವೋಚ್ಚ ನ್ಯಾಯಾಲಯ 1985ರ ಪ್ರತಿಭಾ ರಾಣಿ ಪ್ರಕರಣದಲ್ಲಿ ಹೇಳಿತು. ಸಂಕಟಕಾಲದಲ್ಲಿ ಗಂಡ ಅದನ್ನು ಬಳಸಿಕೊಂಡರೂ ಹಿಂದಿರುಗಿಸುವ ನೈತಿಕ ಹೊಣೆ ಅವನದೆಂದು 2024ರಲ್ಲಿ ಮತ್ತೊಮ್ಮೆ ಸಾರಿತು. ಕಾರ್ಡು ತೀರಿದ ಮೇಲೆ ಕೈಸಾಲವನ್ನು ಹಿಂದಿಟ್ಟು ಒಡವೆಯನ್ನೇ ಮೊದಲು ಬಿಡಿಸಿದರೆ, ಅದು ಮೂವತ್ತನೆಯ ತಿಂಗಳಿಗೆ ಬದಲಾಗಿ ಇಪ್ಪತ್ತೆರಡನೆಯ ತಿಂಗಳಿಗೇ ಮನೆಗೆ ಬರುತ್ತದೆ. ಅದಕ್ಕಾಗಿ ಒಟ್ಟು ತೆರಬೇಕಾದ ಹೆಚ್ಚುವರಿ ಬಡ್ಡಿ ಸುಮಾರು 23,000 ರೂಪಾಯಿ. ಇದು ನಷ್ಟವೆಂದು ಲೆಕ್ಕಿಗರು ತಲೆಯಾಡಿಸುವರು, ಗಂಡನೂ ಅವರ ಜೊತೆ ಸೇರಿಕೊಳ್ಳಬಹುದು. ಯಾವುದು ಮೊದಲೆಂಬುದನ್ನು ಮಾತ್ರ ಅವಳೇ ಹೇಳಲಿ. ಅವಳು ಕೈಸಾಲವೇ ಮೊದಲೆಂದರೆ, ಪುಸ್ತಕದ ಇನ್ನೊಂದು ಪುಟದಲ್ಲಿ ಐದನೆಯ ಸಾಲವೆಂದು ಬರೆದು, ಕೊಟ್ಟವರ ಹೆಸರಿನ ಕಾಲಮಿನಲ್ಲಿ ಅವಳ ಹೆಸರನ್ನೇ ನಮೂದಿಸತಕ್ಕದ್ದು.