ಡ್ಯಾಂಪರ್ ಹಾಕಿದ್ರೆ ಜೀಪ್ ವಾಸಿ ಆಗಲ್ಲ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರಿಗೆ ಜೀಪ್ ಅಂದ್ರೆ ಶೋಕಿಗಿಂತ ಮೊದಲು ಅಡಿಕೆ ಮೂಟೆ, ಗೊಬ್ಬರ, ಮಳೆಗಾಲದಲ್ಲಿ ಆಸ್ಪತ್ರೆ. ವಿಚಿತ್ರ ನೋಡಿ, ಕೊಡಚಾದ್ರಿಯ ಕಲ್ಲುದಾರಿಯಲ್ಲಿ ಸುಮ್ಮನಿರೋ ಗಾಡಿ, ಡಾಂಬರು ರಸ್ತೆಯಲ್ಲಿ 60 ದಾಟಿ ಒಂದು ಗುಂಡಿ ಹಾರಿದ್ರೆ ಸಾಕು, ಸ್ಟೇರಿಂಗ್ ಕೈಯಿಂದ ಕಿತ್ತುಹೋಗೋ ಹಾಗೆ ನಡುಗುತ್ತೆ.

ನಮ್ಮನೆ ಹಳೇ ಜೀಪಿಗೂ ಹೀಗಾಗಿತ್ತು. ಗ್ಯಾರೇಜಿನವರು ಸ್ಟೇರಿಂಗ್ ಡ್ಯಾಂಪರ್ ಹಾಕಿ ಕಳಿಸಿದರು. ಎರಡು ತಿಂಗಳು ಆರಾಮ. ಮೂರನೇ ತಿಂಗಳು, ಅಮ್ಮ ಪಕ್ಕದಲ್ಲಿ ಕೂತಿದ್ದಾಗ, ಮತ್ತದೇ ಕುಣಿತ. ಎದುರಿಗೆ ಬಸ್ಸು ಬರ್ತಿತ್ತು.

ಡ್ಯಾಂಪರ್ ಬರೀ ಜ್ವರದ ಮಾತ್ರೆ ಅಂತ ನಾನು ಹೇಳೋದು ಅದಕ್ಕೇ. ನಡುಕ ಶುರುಮಾಡೋದು ಗುಂಡಿ ಅಥವಾ ಬ್ಯಾಲೆನ್ಸ್ ತಪ್ಪಿದ ಟೈರ್. ಅದನ್ನು ಬೆಳೆಸೋದು ಸಡಿಲವಾದ ಕೀಲು. ಮುಂದಿನ ಎರಡೂ ಚಕ್ರ ಒಂದೇ ಗಟ್ಟಿ ಆಕ್ಸಲ್ ಮೇಲಿರೋದರಿಂದ ಒಂದರ ಅಲುಗಾಟ ಇನ್ನೊಂದಕ್ಕೂ ಹಬ್ಬುತ್ತೆ. ರೆಸೊನೆನ್ಸ್ ಬರೆದು ಪಾಸಾದ ನಾವೆಷ್ಟು ಜನ ಜೀಪಿನ ಕೆಳಗೆ ಮಲಗಿದ್ದೇವೆ?

ಎಂಜಿನ್ ಆಫ್ ಮಾಡಿ ಗೆಳೆಯನಿಗೆ ಸ್ಟೇರಿಂಗ್ ಅತ್ತಿತ್ತ ಆಡಿಸೋಕೆ ಹೇಳಿ. ನೀವು ಕೆಳಗೆ ಬಗ್ಗಿ ಒಂದೊಂದೇ ಟೈ ರಾಡ್ ಎಂಡ್ ನೋಡಿ. ಆಮೇಲೆ ಚಕ್ರ ಜಾಕ್‌ನಲ್ಲಿ ಎತ್ತಿ, ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿ. ಪ್ಲೇ ಇದ್ದರೆ ಗೆಳೆಯ ಬ್ರೇಕ್ ಒತ್ತಲಿ. ಆಗ ಪ್ಲೇ ಹೋದರೆ ವೀಲ್ ಬೇರಿಂಗ್, ಉಳಿದರೆ ಕಿಂಗ್ ಪಿನ್ ಕಡೆ ಅನುಮಾನ ಪಡಿ. ನಮ್ಮದರಲ್ಲಿ ಕಿಂಗ್ ಪಿನ್ ಬೇರಿಂಗೇ ಸವೆದಿತ್ತು.

ಉದ್ದ ಶ್ಯಾಕಲ್, ದೊಡ್ಡ ಟೈರ್ ಹಾಕಿಸೋ ಮಾರಾಯರೇ, ಕ್ಯಾಸ್ಟರ್ ಕೋನವನ್ನೂ ಅಳೆಸಿ. ದಾರಿಯಲ್ಲೇ ನಡುಕ ಬಂದ್ರೆ ಜೋರಾಗಿ ಬ್ರೇಕ್ ಹೊಡೀಬೇಡಿ. ಆಕ್ಸಿಲರೇಟರ್ ಬಿಟ್ಟು, ಸ್ಟೇರಿಂಗ್ ಗಟ್ಟಿ ಹಿಡಿದು, ನಿಧಾನ ಮಾಡಿ ಬದಿಗೆ ತಗೊಳ್ಳಿ.