ಪಾಲಿಕೆಗೆ ಓದಿದ ಹುಡುಗರು: ಕಡತ ತೋರಿಸ್ತಾರೋ, ಕಾಫಿ ತರಿಸ್ತಾರೋ?

ಹಿಂದಿನ ಕಾಲದ ಕಚೇರಿಗಳಲ್ಲಿ 'ಉಮೇದುವಾರ' ಎಂಬ ಒಬ್ಬ ಆಸಾಮಿ ಇರುತ್ತಿದ್ದ. ಸಂಬಳವಿಲ್ಲ, ಹುದ್ದೆಯಿಲ್ಲ, ಕೂರಲು ಕುರ್ಚಿಯೂ ಖಾತ್ರಿಯಿಲ್ಲ. ಗುಮಾಸ್ತರ ಪಕ್ಕ ಕೂತು ನಕಲು ಬರೆಯೋದು, ರಿಜಿಸ್ಟರಿಗೆ ಗೆರೆ ಹೊಡೆಯೋದು, ಸಾಹೇಬರು ಕೂಗಿದರೆ ಎದ್ದು ಓಡೋದು. ಎಂದಾದರೊಂದು ದಿನ ಕಾಯಂ ಆದೀತು ಎಂಬ ಆಸೆಯೇ ಅವನ ಸಂಬಳ. ಆ ಉಮೇದುವಾರಿಕೆ ಈಗ ಇಸ್ತ್ರಿ ಹಾಕಿದ ಅಂಗಿ ತೊಟ್ಟು, 'ಇಂಟರ್ನ್‌ಶಿಪ್' ಎಂಬ ಹೆಸರಿಟ್ಟುಕೊಂಡು ವಾಪಸ್ ಬಂದಿದೆ. ಎಂ.ಎ. ಓದುವ ಹುಡುಗ ಹುಡುಗಿಯರು ನಗರಪಾಲಿಕೆ, ಪಂಚಾಯಿತಿ ಕಚೇರಿಗಳಲ್ಲಿ ಕೆಲವು ತಿಂಗಳು ಕೂತು ಆಡಳಿತ ಕಲಿಯಬೇಕು ಎಂಬುದು ದೆಹಲಿಯಿಂದ ಬೆಂಗಳೂರಿನವರೆಗೆ ಎಲ್ಲರ ಬಾಯಲ್ಲೂ ಇರುವ ಮಾತು.

ಬೆಳಗ್ಗೆ ಶಟರ್ ಎತ್ತುವ ಅಂಗಡಿಯವರಿಗೂ, ಸಿಟಿ ಬಸ್ ಸ್ಟ್ಯಾಂಡಿನಲ್ಲಿ ನಿಂತವರಿಗೂ ಇದರಿಂದ ಏನಾಗಬೇಕು? ಆಗಬೇಕಾದ್ದು ಬಹಳ ಇದೆ. ಟ್ರೇಡ್ ಲೈಸೆನ್ಸ್ ಅರ್ಜಿ ಯಾವ ಮೇಜಿನ ಮೇಲೆ ಎಷ್ಟು ದಿನ ಮಲಗಿರುತ್ತೆ, ಒಂದು ಬೀದಿದೀಪ ಕೆಟ್ಟರೆ ದೂರು ಯಾರ ಕೈಯಿಂದ ಯಾರ ಕೈಗೆ ಹೋಗುತ್ತೆ ಎಂಬುದನ್ನು ಸಂಜೆ ಐದೂವರೆಗೆ ಮನೆಗೆ ಹೊರಡುವ ನೌಕರ ಕೂತು ಲೆಕ್ಕ ಹಾಕುವುದಿಲ್ಲ. ಅವನಿಗೆ ಪುರುಸೊತ್ತೂ ಇಲ್ಲ. ಆ ಲೆಕ್ಕ ಹಾಕುವುದನ್ನೇ ಕಲಿಯುತ್ತಿರುವವನು ಸಾರ್ವಜನಿಕ ನೀತಿ, ಸಾರ್ವಜನಿಕ ಆಡಳಿತ ಓದುವ ವಿದ್ಯಾರ್ಥಿ. ಅವನು ಸರಿಯಾದ ಜಾಗದಲ್ಲಿ ಕೂತರೆ ಲಾಭ ಅಂಗಡಿಯವನಿಗೆ. ಜೆರಾಕ್ಸ್ ಮಿಷನ್ ಪಕ್ಕ ಕೂತರೆ ಲಾಭ ಯಾರಿಗೂ ಇಲ್ಲ.

ದೆಹಲಿಯ ಹೂವು

2020ರ ಕೇಂದ್ರ ಬಜೆಟ್ಟಿನಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು, ಹೊಸದಾಗಿ ಪಾಸಾದ ಎಂಜಿನಿಯರುಗಳಿಗೆ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಒಂದು ವರ್ಷದವರೆಗೆ ಇಂಟರ್ನ್‌ಶಿಪ್ ಎಂದು ಸಾರಿದರು. ಅದೇ ವರ್ಷ ಜೂನ್ 4ರಂದು, ಕೊರೊನಾ ಗದ್ದಲದ ಮಧ್ಯೆಯೇ, 'ಟುಲಿಪ್' ಎಂಬ ಹೂವಿನ ಹೆಸರಿನ ಯೋಜನೆ ಅರಳಿತು. ಎಂಜಿನಿಯರ್ ಮಾತ್ರವಲ್ಲ, ಬಿ.ಎ., ಬಿ.ಕಾಂ. ಆದವರೂ ಬರಬಹುದು ಎಂದಾಯಿತು. ದೇಶದ 4,400ಕ್ಕೂ ಹೆಚ್ಚು ಪಾಲಿಕೆ, ನಗರಸಭೆ, ಪಟ್ಟಣ ಪಂಚಾಯಿತಿಗಳು ಬಾಗಿಲು ತೆರೆಯಬೇಕು, ಕನಿಷ್ಠ 8 ವಾರ, ಗರಿಷ್ಠ ಒಂದು ವರ್ಷ. 2025ರೊಳಗೆ ಒಂದು ಕೋಟಿ ಇಂಟರ್ನ್‌ಶಿಪ್ ಎಂಬ ದೊಡ್ಡ ಅಂಕಿಯೂ ಆ ಸಮಾರಂಭದಲ್ಲಿ ಕೇಳಿಬಂತು.

ಕಾಗದದ ಮೇಲೆ ಚೆನ್ನಾಗಿಯೇ ಇದೆ. ಒಳಗೆ ನೋಡಿದರೆ ಎರಡು ಗಂಟು. ಪದವಿ ಮುಗಿಸಿ 18 ತಿಂಗಳು ಮೀರಿರಬಾರದು ಎಂಬುದು ಒಂದು ಷರತ್ತು. ಬಿ.ಎ. ಮುಗಿಸಿ ನೇರ ಎಂ.ಎ. ಸೇರಿದವನು ನಾಲ್ಕನೇ ಸೆಮಿಸ್ಟರಿಗೆ ಬರುವ ಹೊತ್ತಿಗೆ ಆ ಒಂದೂವರೆ ವರ್ಷ ಕಳೆದೇ ಹೋಗಿರುತ್ತೆ. ಅಂದರೆ ಯಾವಾಗ ಅವನಿಗೆ ನಾಲ್ಕು ಅಕ್ಷರ ವಿಷಯ ಗೊತ್ತಾಗಿ ಪಾಲಿಕೆಗೆ ಉಪಯೋಗಕ್ಕೆ ಬರಬಹುದೋ, ಆಗಲೇ ಬಾಗಿಲು ಮುಚ್ಚುತ್ತೆ! ಎರಡನೇ ಗಂಟು ದುಡ್ಡಿನದು. ಸ್ಟೈಪೆಂಡ್ ಎಷ್ಟು ಎಂಬುದನ್ನು ಆಯಾ ಸ್ಥಳೀಯ ಸಂಸ್ಥೆಯ ವಿವೇಚನೆಗೇ ಬಿಟ್ಟರು. ಪಾಲಿಕೆಯ ವಿವೇಚನೆ ಎಂದರೆ ಏನೆಂದು ಗುತ್ತಿಗೆದಾರರನ್ನು ಕೇಳಿದರೆ ಹೇಳಿಯಾರು.

ಬೇರೆ ಕಡೆ ಸ್ಮಾರ್ಟ್ ಸಿಟಿ ಕಂಪನಿಗಳಾದರೂ ಇದ್ದವು. ಪ್ರತ್ಯೇಕ ಕಚೇರಿ, ಪ್ರತ್ಯೇಕ ಲೆಕ್ಕ, ಹೊಸಬರಿಗೆ ಒಂದೆರಡು ಕುರ್ಚಿ ಹಾಕಲು ಜಾಗ. ಮಂಗಳೂರು, ಬೆಳಗಾವಿ, ಶಿವಮೊಗ್ಗ, ಹುಬ್ಬಳ್ಳಿ-ಧಾರವಾಡ, ತುಮಕೂರು, ದಾವಣಗೆರೆ, ಕೊನೆಗೆ ಬೆಂಗಳೂರು ಕೂಡ ಆ ಪಟ್ಟಿ ಸೇರಿತು. ಮೈಸೂರು ಸೇರಲೇ ಇಲ್ಲ. ಇಲ್ಲಿ ವಿದ್ಯಾರ್ಥಿಗೆ ಏನಾದರೂ ಕೊಡುವುದಿದ್ದರೆ ಅದು ಪಾಲಿಕೆಯ ಸ್ವಂತ ಬೊಕ್ಕಸದಿಂದಲೇ ಬರಬೇಕು.

ಎಲ್ಲರಿಗೂ ಕಲಿಸುವ ಊರು

ಸೋಜಿಗ ಇರುವುದು ಇಲ್ಲಿ. ಕರ್ನಾಟಕದ ಯಾವ ಮೂಲೆಯ ಅಧಿಕಾರಿಯಾದರೂ ಆಡಳಿತ ಕಲಿಯಲು ಬರುವುದು ಮೈಸೂರಿಗೆ. ಆಡಳಿತ ತರಬೇತಿ ಸಂಸ್ಥೆ ಇರುವುದು ಲಲಿತಮಹಲ್ ರಸ್ತೆಯಲ್ಲಿ. ಪಂಚಾಯಿತಿಯವರಿಗೆ ಪಾಠ ಹೇಳುವ ಅಬ್ದುಲ್ ನಜೀರ್‌ಸಾಬ್ ಸಂಸ್ಥೆಯೂ ಅಲ್ಲೇ, ನಗರಸಭೆ ಪಾಲಿಕೆಯವರಿಗೆ ತರಬೇತಿ ಕೊಡುವ ರಾಜ್ಯ ನಗರಾಭಿವೃದ್ಧಿ ಸಂಸ್ಥೆಯೂ ಅಲ್ಲೇ. ಬೀದರಿನ ಪಿಡಿಒ, ಕಾರವಾರದ ಮುಖ್ಯಾಧಿಕಾರಿ, ಹೊಸದಾಗಿ ಆಯ್ಕೆಯಾದ ತಹಸೀಲ್ದಾರ್ ಎಲ್ಲರೂ ಇಲ್ಲಿ ಉಂಡು ಕಲಿತು ಹೋಗುತ್ತಾರೆ. ಇತ್ತ ಮಾನಸಗಂಗೋತ್ರಿ. 1916ರಲ್ಲಿ ಹುಟ್ಟಿದ ವಿಶ್ವವಿದ್ಯಾನಿಲಯ, 1960ರಿಂದ ಗಂಗೋತ್ರಿಯ ಗುಡ್ಡದ ಮೇಲೆ ತಲೆತಲಾಂತರದಿಂದ ರಾಜ್ಯಶಾಸ್ತ್ರ ಪಾಠ ನಡೆಯುತ್ತಿದೆ. ಕುಕ್ಕರಹಳ್ಳಿ ಕೆರೆ ದಾಟಿ ಸಿಟಿ ಬಸ್ಸು ಹತ್ತಿದರೆ ಸಯ್ಯಾಜಿರಾವ್ ರಸ್ತೆಯ ಪಾಲಿಕೆ ಕಚೇರಿ ಎಷ್ಟು ದೂರ?

ದೂರದವರು ಬಂದು ಕಲಿತ ಉದಾಹರಣೆ ಬೇಕಾದಷ್ಟಿದೆ. 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಡಾ. ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಮೂಲಕ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಹುಡುಗರು ಮೈಸೂರಿಗೂ ಎಚ್.ಡಿ. ಕೋಟೆ ಕಡೆಗೂ ಬಂದು ಕೆಲಸ ಮಾಡಿ ಹೋಗಿದ್ದಾರೆ. ಸಮುದ್ರ ದಾಟಿ ಬಂದವರು ಕೋಟೆಯ ಹಾಡಿ ನೋಡಿದರು. ಆದರೆ ಕೋಟೆಯಿಂದ ಬಂದು ಗಂಗೋತ್ರಿಯಲ್ಲಿ ಓದುವ ಹುಡುಗನಿಗೆ ಪಾಲಿಕೆಯ ವಲಯ ಕಚೇರಿಯ ಒಳಗೆ ಏನು ನಡೆಯುತ್ತದೆಂದು ತಿಳಿಯಬೇಕಾದರೆ, ಅವನೂ ಎಲ್ಲರಂತೆ ಕಿಟಕಿ ಮುಂದೆ ಕ್ಯೂ ನಿಲ್ಲಬೇಕೇ?

ವಿದೇಶದ ದೊಡ್ಡ ನಗರಗಳು ಇದನ್ನು ಹೊಸದಾಗಿ ಕಂಡುಹಿಡಿದದ್ದಲ್ಲ. ನ್ಯೂಯಾರ್ಕ್ ನಗರಾಡಳಿತ 1969ರಲ್ಲೇ 'ಅರ್ಬನ್ ಫೆಲೋ'ಗಳೆಂದು ವಿದ್ಯಾವಂತ ಯುವಕರನ್ನು ಕರೆಸಿ ಇಲಾಖೆಗಳಲ್ಲಿ ಕೂರಿಸಿತು. ಅಷ್ಟು ದೂರ ಹೋಗುವುದೂ ಬೇಡ. ಕೆ.ಆರ್. ಆಸ್ಪತ್ರೆಗೆ ಹೋಗಿ ನೋಡಿದರೆ ಸಾಕು. ಅಲ್ಲಿ ಹೌಸ್ ಸರ್ಜನ್ ರೋಗಿಯ ನಾಡಿ ಹಿಡಿಯುತ್ತಾನೆ, ಕೇಸ್ ಶೀಟ್ ಬರೆಯುತ್ತಾನೆ, ಮೇಲೊಬ್ಬ ದೊಡ್ಡ ಡಾಕ್ಟರು ಅದನ್ನು ತಿದ್ದುತ್ತಾರೆ. ಅವನಿಗೆ ಸ್ಟೈಪೆಂಡ್ ಉಂಟು. ರೋಗಿಯನ್ನೇ ಮುಟ್ಟದೆ ಡಾಕ್ಟರಾಗುವುದು ಹೇಗೆ ಸಾಧ್ಯವಿಲ್ಲವೋ, ಕಡತವನ್ನೇ ಮುಟ್ಟದೆ ಆಡಳಿತ ಕಲಿಯುವುದೂ ಸಾಧ್ಯವಿಲ್ಲ.

ಸಂತೆಪೇಟೆ ಮಂಡಿಯವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಅಂಗಡಿಗೆ ಹೊಸ ಹುಡುಗ ಬಂದರೆ ಮೊದಲ ದಿನವೇ ಗಲ್ಲಾ ಪೆಟ್ಟಿಗೆಗೆ ಕೂರಿಸುವುದಿಲ್ಲ, ಸರಿ. ಹಾಗಂತ ಮೂರು ತಿಂಗಳಾದರೂ ಪೊಟ್ಟಣ ಕಟ್ಟಿಸುತ್ತಲೇ ಇದ್ದರೆ ಅವನು ವ್ಯಾಪಾರ ಕಲಿಯುವುದು ಎಂದು? ಸ್ವಲ್ಪ ದಿನಕ್ಕೆ ತಕ್ಕಡಿ, ಆಮೇಲೆ ಉದ್ರಿ ಪುಸ್ತಕ. ಉದ್ರಿ ಪುಸ್ತಕ ನೋಡಿದ ಮೇಲೆಯೇ ಅಂಗಡಿಯ ಗುಟ್ಟು ತಿಳಿಯೋದು. ಪಾಲಿಕೆಗೂ ಉದ್ರಿ ಪುಸ್ತಕ ಉಂಟು. ಅದನ್ನು ತೋರಿಸಲು ಯಜಮಾನರು ತಯಾರಿದ್ದಾರೆಯೇ ಎಂಬುದೇ ಪ್ರಶ್ನೆ.

ಮಾಡಲು ಏನಿದೆ?

ದೇವರಾಜ ಮಾರ್ಕೆಟ್ಟನ್ನೇ ತೆಗೆದುಕೊಳ್ಳಿ. ಎಂಟುನೂರಕ್ಕೂ ಹೆಚ್ಚು ಮಳಿಗೆ. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ಮಾರ್ಕೆಟ್ಟಿನ ಧನ್ವಂತರಿ ರಸ್ತೆ ಕಡೆಯ ಭಾಗ ಕುಸಿಯಿತು. ಆಮೇಲೆ ದುರಸ್ತಿ ಮಾಡಿ ಉಳಿಸಬಹುದು ಎಂದು ಒಂದು ಕಡೆಯ ತಜ್ಞರು, ಕೆಡವಿ ಕಟ್ಟಬೇಕು ಎಂದು ಇನ್ನೊಂದು ಕಡೆಯವರು. ಕೋರ್ಟು ಕಚೇರಿಯೂ ಆಯಿತು. ಇಷ್ಟು ವರ್ಷಗಳಲ್ಲಿ ಒಂದು ಸರಳ ಕೆಲಸ ಬೇಕಿತ್ತು: ಒಂದೊಂದು ಮಳಿಗೆಯಲ್ಲೂ ಯಾರಿದ್ದಾರೆ, ಮೂಲ ಬಾಡಿಗೆದಾರ ಯಾರು, ಕಟ್ಟುವ ಬಾಡಿಗೆ ಎಷ್ಟು, ತಾತ್ಕಾಲಿಕವಾಗಿ ಎಬ್ಬಿಸಿದರೆ ಎಲ್ಲಿಗೆ ಹೋಗುತ್ತಾರೆ, ವಾಪಸ್ ಬರುವ ಹಕ್ಕು ಯಾವ ಕಾಗದದಲ್ಲಿದೆ ಎಂಬುದನ್ನು ಒಂದೇ ಪುಸ್ತಕದಲ್ಲಿ ಬರೆದು ವ್ಯಾಪಾರಿಗಳ ಮುಂದೆ ಇಡುವುದು. ಹತ್ತು ವಿದ್ಯಾರ್ಥಿಗಳಿಗೆ ಇದು ಒಂದು ಸೆಮಿಸ್ಟರಿನ ಕೆಲಸ. ಹೂವಿನ ಸಾಲಿನ ಅಜ್ಜಿಯ ಹತ್ತಿರ ಅರ್ಧ ಗಂಟೆ ಕೂತು ಕೇಳುವ ವ್ಯವಧಾನ ಇಪ್ಪತ್ತೆರಡರ ಹುಡುಗಿಗೆ ಇರುತ್ತೆ, ಇಪ್ಪತ್ತೆರಡು ವರ್ಷ ಸರ್ವಿಸ್ ಆದವರಿಗೆ ಇರೋಲ್ಲ.

ಕಸದ ವಿಷಯ. 2015ರಲ್ಲಿ ಪ್ರಕಟವಾದ 476 ನಗರಗಳ ಪಟ್ಟಿಯಲ್ಲಿ ಮೈಸೂರು ಮೊದಲು, 2016ರ 73 ನಗರಗಳ ಪಟ್ಟಿಯಲ್ಲೂ ಮೊದಲು. 2017ರಲ್ಲಿ ಐದನೇ ಸ್ಥಾನಕ್ಕೆ ಇಳಿಯಿತು, ಇಂದೋರ್ ಮೇಲೇರಿತು. ಯಾಕೆ ಎಂದು ವೇದಿಕೆಗಳಲ್ಲಿ ಭಾಷಣ ಆದದ್ದೇ ಆದದ್ದು. ಕುಂಬಾರಕೊಪ್ಪಲಿನಲ್ಲಿ ಕಸ ವಿಂಗಡಿಸಿ ಗೊಬ್ಬರ ಮಾಡುವ ಘಟಕ ಯಾಕೆ ಊರಿಗೆಲ್ಲ ಮಾದರಿ ಎನಿಸಿತು, ಅದೇ ರೀತಿ ಬೇರೆ ವಾರ್ಡುಗಳಲ್ಲಿ ಯಾಕೆ ನಡೆಸಲಾಗದು, ಸೂಯೆಜ್ ಫಾರಂ ಬೆಟ್ಟದ ಪಕ್ಕದ ಮನೆಯವರು ಯಾಕೆ ಮೂಗು ಮುಚ್ಚಿಕೊಳ್ಳಬೇಕು? ಇದು ಲಾರಿಯ ಹಿಂದೆ ಒಂದು ವಾರ ಓಡಾಡಿದವನಿಗೆ ಮಾತ್ರ ತಿಳಿಯುವ ಸಂಗತಿ.

ತೆರಿಗೆಯದ್ದಂತೂ ಕೇಳುವುದೇ ಬೇಡ. 2021-22ರಿಂದ ಆಸ್ತಿ ತೆರಿಗೆಯನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ದರಕ್ಕೆ ಗಂಟು ಹಾಕಿದ ಮೇಲೆ, ಏಪ್ರಿಲ್ ರಿಯಾಯಿತಿಗೆ ವಲಯ ಕಚೇರಿ ಮುಂದೆ ನಿಂತವರಲ್ಲಿ ಎಷ್ಟು ಜನಕ್ಕೆ ತಮ್ಮ ಲೆಕ್ಕ ತಮಗೇ ಅರ್ಥವಾಗಿದೆ? ಒಂಬತ್ತು ವಲಯ ಕಚೇರಿಗಳಲ್ಲಿ ಆ ಒಂದು ತಿಂಗಳು ಇಬ್ಬಿಬ್ಬರು ವಿದ್ಯಾರ್ಥಿಗಳನ್ನು ಕೂರಿಸಿ, "ನಿಮ್ಮ ಅಂಗಡಿಗೆ ಇಷ್ಟು ಯಾಕೆ ಬಂತು ಅಂದ್ರೆ..." ಎಂದು ಕನ್ನಡದಲ್ಲಿ ಬಿಡಿಸಿ ಹೇಳಿಸಿದರೆ ಅರ್ಧ ಜಗಳ ಕಮ್ಮಿ. ಬಂದ ದೂರುಗಳನ್ನು ಗುಡ್ಡೆ ಹಾಕಿ ನೋಡಿದರೆ ಕಾನೂನು ಎಲ್ಲಿ ಕಚ್ಚುತ್ತಿದೆ ಎಂಬುದೂ ಹೊರಬರುತ್ತೆ.

ಕಡತದ ಭಯ

ಆದರೆ ಅಧಿಕಾರಿಗಳ ಕಡೆಯಿಂದ ನೋಡಿದರೆ ಇನ್ನೊಂದು ಚಿತ್ರ. ಹೊರಗಿನವನಿಗೆ ಕಡತ ಕೊಟ್ಟು ನಾಳೆ ಒಂದು ಹಾಳೆ ಕಾಣೆಯಾದರೆ ತಲೆ ಹೋಗೋದು ಕೇಸ್ ವರ್ಕರದ್ದು. 2024ರಲ್ಲಿ ಮುಡಾದ 50:50 ನಿವೇಶನಗಳ ಗಲಾಟೆಯಾಗಿ ತನಿಖೆಯವರು ಕಡತಗಳ ಬೆನ್ನು ಹತ್ತಿದ್ದನ್ನು ಕಂಡ ಮೇಲೆ, ಮೈಸೂರಿನ ಯಾವ ಕಚೇರಿಯ ನೌಕರ ತಾನೇ ಧೈರ್ಯವಾಗಿ ಬೀರು ತೆಗೆದಾನು? ಈ ಭಯವನ್ನು ಬರೀ ಕಳ್ಳತನದ ಭಯ ಎಂದು ತಳ್ಳಿಹಾಕುವುದು ತಪ್ಪು. ಪ್ರಾಮಾಣಿಕ ನೌಕರನಿಗೂ ಅದು ಇದೆ. ಅದಕ್ಕೆ ಮದ್ದು ಲಿಖಿತ ಆದೇಶ: ಯಾವ ಕಡತ ನೋಡಬಹುದು, ಯಾರ ಎದುರು, ಯಾವುದರ ನಕಲು ತೆಗೆಯಬಹುದು, ಯಾರ ಖಾಸಗಿ ವಿವರ ಹೊರಗೆ ಹೋಗಕೂಡದು. ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ ಯಾರಿಗಾದರೂ 2005ರ ಕಾಯಿದೆ ಕೊಡು ಎನ್ನುವ ಕಾಗದವನ್ನು ವಿಶ್ವವಿದ್ಯಾನಿಲಯವೇ ಕಳಿಸಿದ ವಿದ್ಯಾರ್ಥಿಗೆ ತೋರಿಸಲು ಅಂಜಿಕೆ ಯಾಕೆ?

ಇನ್ನೊಂದು ಅಪಾಯ ಎದುರು ದಿಕ್ಕಿನದು. ಖಾಲಿ ಹುದ್ದೆ ತುಂಬದೆ, ಹೊರಗುತ್ತಿಗೆಯವರಿಗೆ ಕೊಡುವ ದುಡ್ಡೂ ಉಳಿಸಿ, "ಹುಡುಗರಿದ್ದಾರಲ್ಲ" ಎಂದು ಡಾಟಾ ಎಂಟ್ರಿಗೆ ಹಚ್ಚುವುದು. ಹಾಗಾದರೆ ಒಬ್ಬ ಗುತ್ತಿಗೆ ನೌಕರನ ಅನ್ನ ಹೋಯಿತು, ವಿದ್ಯಾರ್ಥಿಗೆ ಒಂದು ಸರ್ಟಿಫಿಕೇಟ್ ಸಿಕ್ಕಿತು.

ದುಡ್ಡಿನ ಮಾತಿಗೆ ಬಂದರೆ, ಸಂಬಳವಿಲ್ಲದ ಇಂಟರ್ನ್‌ಶಿಪ್ ಅನುಕೂಲಸ್ಥರ ಮಕ್ಕಳ ಹವ್ಯಾಸವಾಗಿ ಉಳಿಯುತ್ತೆ. ನಂಜನಗೂಡು, ಹುಣಸೂರು, ತಿ. ನರಸೀಪುರದಿಂದ ದಿನಾ ಬಸ್ಸಿನಲ್ಲಿ ಬರುವ ಹುಡುಗನ ವಿದ್ಯಾರ್ಥಿ ಪಾಸು ಮನೆಯಿಂದ ಕಾಲೇಜಿನ ತನಕ. ಪಾಲಿಕೆ ಕಚೇರಿಗೆ, ಅಲ್ಲಿಂದ ವಾರ್ಡುಗಳಿಗೆ ಓಡಾಡುವ ಚಾರ್ಜು ಯಾರು ಕೊಡಬೇಕು? 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಿಂದ ಹುಡುಗಿಯರಿಗೆ ಆ ಚಿಂತೆ ತಪ್ಪಿತು, ಮಧ್ಯಾಹ್ನದ ಊಟದ ಚಿಂತೆ ತಪ್ಪಲಿಲ್ಲ. 2024ರ ಜನವರಿಯಲ್ಲಿ ಯುವನಿಧಿ ಶುರುವಾದಾಗ ಕೆಲಸವಿಲ್ಲದ ಪದವೀಧರನಿಗೆ ತಿಂಗಳಿಗೆ 3,000 ರೂಪಾಯಿ ಎಂದರು, ಮುಂದೆ ಓದುವವನಿಗೆ ಇಲ್ಲ ಎಂದರು. ಅದೇ ವರ್ಷ ಕೇಂದ್ರದ ಬಜೆಟ್ಟಿನಲ್ಲಿ ಬಂದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ದೊಡ್ಡ 500 ಕಂಪನಿಗಳದ್ದು, ತಿಂಗಳಿಗೆ 5,000. ಅದರಲ್ಲೂ ಸ್ನಾತಕೋತ್ತರ ಪದವಿ ಪಡೆದವರಿಗೆ ಜಾಗವಿರಲಿಲ್ಲ. ಸುಮ್ಮನಿದ್ದವನಿಗೆ ಒಂದು ಯೋಜನೆ, ಕಂಪನಿಗೆ ಹೋಗುವವನಿಗೆ ಒಂದು ಯೋಜನೆ, ಪಾಲಿಕೆಯ ಚರಂಡಿ ಲೆಕ್ಕ ಕಲಿಯುತ್ತೇನೆ ಎನ್ನುವ ಎಂ.ಎ. ಹುಡುಗನಿಗೆ ಮಾತ್ರ "ನೋಡೋಣ".

ಓದುವವರು ಯಾರು?

ಇಷ್ಟೆಲ್ಲ ಸರಿಹೋಗಿ ವಿದ್ಯಾರ್ಥಿ ವರದಿ ಬರೆದ ಎಂದುಕೊಳ್ಳೋಣ. ಅದು ಯಾರ ಮುಂದೆ ಹೋಗಬೇಕು? ಕೌನ್ಸಿಲ್ ಮುಂದೆ, ಸ್ಥಾಯಿ ಸಮಿತಿ ಮುಂದೆ, ವಾರ್ಡ್ ಸಮಿತಿ ಮುಂದೆ. ಮೈಸೂರಿನಲ್ಲಿ 2018ರ ಆಗಸ್ಟ್‌ನಲ್ಲಿ 65 ವಾರ್ಡುಗಳಿಂದ ಆರಿಸಿ ಬಂದವರ ಅವಧಿ 2023ರ ನವೆಂಬರ್‌ನಲ್ಲಿ ಮುಗಿಯಿತು. ಅಲ್ಲಿಂದ ಆಡಳಿತಾಧಿಕಾರಿಯ ಕಾರುಬಾರು. 2024 ಪೂರ್ತಿ ಹಾಗೆಯೇ ಹೋಯಿತು, 2025 ಕೂಡ. ಕಾರ್ಪೊರೇಟರುಗಳನ್ನು ಬೈಯುವುದು ಈ ಊರಿನ ಹಳೇ ಚಟ, ಬೈಯಲು ಕಾರಣಗಳೂ ಇದ್ದವು. ಆದರೆ ಬೈಯಲಾದರೂ ಒಬ್ಬ ಇದ್ದ. "ಈ ವರದಿಯಲ್ಲಿ ನನ್ನ ವಾರ್ಡಿನ ಬಗ್ಗೆ ಹೀಗೆ ಬರೆದಿದೆಯಲ್ಲ, ಕಮಿಷನರು ಉತ್ತರ ಹೇಳಲಿ" ಎಂದು ಸಭೆಯಲ್ಲಿ ಮೇಜು ಕುಟ್ಟುವವನು ಅವನೇ. ಅವನಿಲ್ಲದ ಕಡೆ ವಿದ್ಯಾರ್ಥಿಯ ವರದಿ ಅಧಿಕಾರಿಯ ಮೇಜಿನಿಂದ ಅಧಿಕಾರಿಯ ಬೀರುವಿಗೆ ಹೋಗುತ್ತೆ.

ಚುನಾವಣೆ ನಡೆಯುವತನಕ ಕಾಯಬೇಕಾಗಿಲ್ಲ. ವರದಿಯ ಒಂದು ಪ್ರತಿ ಆಯಾ ವಲಯ ಕಚೇರಿಯ ನೋಟಿಸ್ ಬೋರ್ಡಿನಲ್ಲಿ, ಒಂದು ಪ್ರತಿ ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ, ಒಂದು ಪ್ರತಿ ಸಂಬಂಧಪಟ್ಟ ವ್ಯಾಪಾರಿಗಳ ಸಂಘಕ್ಕೆ ಎಂದು ಒಡಂಬಡಿಕೆಯಲ್ಲೇ ಬರೆದರೆ ಆಯಿತು. ಆ ಒಡಂಬಡಿಕೆಗೆ ದೆಹಲಿಯೂ ಬೇಡ, ವಿಧಾನಸೌಧವೂ ಬೇಡ. ಒಂದು ಕಡೆ ಪಾಲಿಕೆ ಆಯುಕ್ತರ ಸಹಿ, ಇನ್ನೊಂದು ಕಡೆ ಕ್ರಾಫರ್ಡ್ ಹಾಲ್‌ನಲ್ಲಿ ಕೂರುವ ಕುಲಸಚಿವರ ಸಹಿ. ತಿಂಗಳಿಗೆ ಇಷ್ಟು ಎಂದು ಸ್ಟೈಪೆಂಡು, ಹೆಸರು ಹೇಳಿ ಗೊತ್ತುಮಾಡಿದ ಒಬ್ಬ ಅಧಿಕಾರಿ, ನೋಡಬಹುದಾದ ಕಡತಗಳ ಪಟ್ಟಿ. ಮೊದಲ ವರ್ಷ ಇಪ್ಪತ್ತೇ ಜನ ಸಾಕು, ಮೊದಲ ಕೆಲಸ ದೇವರಾಜ ಮಾರ್ಕೆಟ್ಟಿನ ಮಳಿಗೆ ಪುಸ್ತಕವೇ ಆಗಲಿ. ಅಲ್ಲಿನ ಬಾಡಿಗೆದಾರರು ಬಹಳ ವರ್ಷದಿಂದ ಕೇಳುತ್ತಿರುವುದೂ ಅದನ್ನೇ: ತಮ್ಮ ಮಳಿಗೆಯ ಬಗ್ಗೆ ಪಾಲಿಕೆ ಪುಸ್ತಕದಲ್ಲಿ ಏನು ಬರೆದಿದೆ ಅಂತ.